ಬೊಜ್ಜದೂಟದಲ್ಲಿ ಬಳಗ ಹುಡುಕಿದ ಮಾವ

ನಮ್ಮ ಮಾವನಿಗೆ ಬದುಕಿದ್ದವರಿಗಿಂತ ಸತ್ತವರ ಮೇಲೆಯೇ ಪ್ರೀತಿ ಜಾಸ್ತಿ. ಯಾಕಿರಬಾರದು ಹೇಳಿ? ಸತ್ತವರಿಗೆ ಚಹಾ ಮಾಡಿಕೊಡಬೇಕಿಲ್ಲ, ಹೋಗುವಾಗ ಬಸ್ಸಿನ ಟಿಕೆಟು ತೆಗೆಸಿಕೊಡಬೇಕಿಲ್ಲ!

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮುಂಬಯಿಯ ಕ್ಯಾಂಟೀನೊಂದರಲ್ಲಿ ಆಯುಷ್ಯವೆಲ್ಲ ದುಡಿದು, ಮದುವೆಯ ಖರ್ಚನ್ನೂ ಉಳಿಸಿಕೊಂಡು, ಊರಲ್ಲಿ ಎಲ್ಲರ ಕೈಗೂ ಮೊಬೈಲ್ ಬರತೊಡಗಿದ ಕಾಲಕ್ಕೆ ತೆಕ್ಕಟ್ಟೆಯ ಮನೆಗೆ ವಾಪಸಾದವರು. ಅವರು ಬಂದ ಹೊಸದರಲ್ಲೇ ಅಮ್ಮನಿಗೆ ಮಂಡಿನೋವು ಶುರುವಾಯಿತು. ಜೋಯಿಸರು ಕವಡೆ ಹಾಕಿ, ಇದು ನಾಗದೋಷ, ನಮ್ಮ ಕುಟುಂಬದ ಮೂಲ ನಾಗಬನ ಎಲ್ಲಿದೆಯೆಂದು ಹುಡುಕಬೇಕು, ದೊಡ್ಡದಾಗಿ ಪ್ರಶ್ನೆ ಇಡಿಸಿದರೆ ತಿಳಿಯುತ್ತದೆ ಎಂದರು. ಖರ್ಚು ಎಷ್ಟೆಂದು ಕೇಳಿದ ಮಾವ ಕೂತಲ್ಲಿಂದ ಎದ್ದೇ ಬಿಟ್ಟರು.

"ನಮ್ ಅಜ್ಜಿ ಯಾರ್ ಅಂದೇಳಿ ಬೇರೆಯವ್ರತ್ರ ದುಡ್ಡ್ ಕೊಟ್ ಕೇಣ್ಕಾ? ನಾನೇ ಹುಡುಕ್ತೆ!"

ಮಂಡಿನೋವು ಎಣ್ಣೆ ತಿಕ್ಕಿದ್ದರಲ್ಲೇ ವಾಸಿಯಾಯಿತು. ಮಾವನ ಹುಡುಕಾಟ ಮಾತ್ರ ಯಾವ ಎಣ್ಣೆಗೂ ಬಗ್ಗಲಿಲ್ಲ.

ನಮ್ಮ ಕಡೆ ವಂಶ ಹೆಣ್ಣಿನಿಂದ ಹೆಣ್ಣಿಗೆ ಇಳಿದು ಬರುವುದು. ಹಾಗಾಗಿ ಅಜ್ಜಿ, ಅಜ್ಜಿಯ ಅಜ್ಜಿ ಎಂದು ಹಿಂದೆ ಹಿಂದೆ ಹೋಗಬೇಕು. ತೊಂದರೆ ಏನೆಂದರೆ, ನಮ್ಮಲ್ಲಿ ಅಜ್ಜಿಯಂದಿರಿಗೆ ಹೆಸರೇ ಇರುವುದಿಲ್ಲ! ಯಾರನ್ನು ಕೇಳಿದರೂ ಒಂದೇ ಉತ್ತರ: "ಹೆಸ್ರಾ? ಅಮ್ಮಮ್ಮ ಅಂದ್ರೆ ಅಮ್ಮಮ್ಮ ಮಾರಾಯಾ!"

ಬರೆದುಕೊಳ್ಳಲು ಪುಸ್ತಕ ಕೊಳ್ಳುವುದೆಂಥದ್ದು? ಹಳೆಯ ಮದುವೆ ಕಾಗದಗಳ ಹಿಂಬದಿ ಖಾಲಿಯೇ ಇರುತ್ತದಲ್ಲ! ಅವನ್ನೆಲ್ಲ ಗಂಜಿಯಲ್ಲಿ ಅಂಟಿಸಿ ಮಾವ ಚಾಪೆಯಷ್ಟು ದೊಡ್ಡ ವಂಶಾವಳಿ ತಯಾರಿಸಿದರು. ಗಂಜಿಯ ರುಚಿ ಹತ್ತಿದ ಜಿರಳೆಗಳು ಒಂದೇ ಮಳೆಗಾಲದಲ್ಲಿ ಹಾಲಾಡಿಯ ನೆಂಟರನ್ನೆಲ್ಲ ತಿಂದು ತೇಗಿದವು. ಮಾವ ಮೀನಿನ ಟೆಂಪೊ ಹತ್ತಿಕೊಂಡು ಮತ್ತೆ ಹಾಲಾಡಿಗೆ ಹೋದರು. ಅಲ್ಲಿಯವರು ಗಾಬರಿಯಿಂದ, "ಹ್ವಾಯ್, ಮೊನ್ನೆ ಹೇಳಿತಲ್ಲೆ ಎಲ್ಲಾ?" ಎಂದರಂತೆ. "ಹೌದ್. ಆದ್ರೆ ನಿಮ್ಮನ್ನೆಲ್ಲ ಜಿರಳಿ ತಿಂದ್ ಹಾಕ್ತ್!" ಎಂದರಂತೆ ಮಾವ.

ದೂರದವರಿಗೆ ಮಿಸ್ಡ್ ಕಾಲ್. ಮುಂಬಯಿಯ ನೆಂಟರು ಊರಲ್ಲಿ ಯಾರಿಗೋ ಏನೋ ಆಯಿತೆಂದು ಎದೆ ಹಿಡಿದುಕೊಂಡು ತಿರುಗಿ ಫೋನ್ ಮಾಡಿದರೆ, ಇವರು ನಿಧಾನಕ್ಕೆ ಕುರ್ಚಿ ಎಳೆದು ಕೂತು, "ನಿಮ್ ಅಜ್ಜಿಗೆ ಅಕ್ಕ ತಂಗಿ ಎಷ್ಟ್ ಜನ?" ಎಂದು ಶುರು ಮಾಡುತ್ತಿದ್ದರು. ಕೊನೆಕೊನೆಗೆ ಅವರ ನಂಬರು ಕಂಡರೆ ನೆಂಟರು ಫೋನು ದಿಂಬಿನಡಿ ತುರುಕುತ್ತಿದ್ದರಂತೆ!

ಬಾರ್ಕೂರಿಗೆ ಹೋದ ಕತೆ ಇನ್ನೂ ಚೆನ್ನಾಗಿದೆ. ಅದು ಹಿಂದೆ ರಾಜಧಾನಿ ತಾನೆ? ನಮ್ಮವರು ಅಲ್ಲಿ ಏನಿಲ್ಲವೆಂದರೂ ಹಡಗಿನ ದಳಪತಿಗಳು ಆಗಿರಬೇಕೆಂದು ಮಾವನ ಲೆಕ್ಕಾಚಾರ. ನಮ್ಮ ಮೂಲ ನಾಗಬನ ಅಲ್ಲಿಯ ಗದ್ದೆಯಂಚಿನಲ್ಲಿ ನಿಜಕ್ಕೂ ಸಿಕ್ಕಿತು. ತೋರಿಸಿದ ಅಜ್ಜ, "ನಿಮ್ಮೋರ್ ಅರಮನೆಗೆ ಒಣಮೀನ್ ಕೊಡ್ತಿದ್ರ್ ಅಂಬ್ರ್" ಎಂದರಂತೆ. ಮಾವ ಮನೆಗೆ ಬಂದು ಎದೆಯುಬ್ಬಿಸಿ ಸಾರಿದರು: "ನಮ್ಗೂ ಅರಮನೆಗೂ ನೇರ ಸಂಬಂಧ ಇತ್ತ್!"

"ಇದ್ದಿರ್ಕ್ ಅಣ್ಣ," ಎಂದಳು ಅಮ್ಮ. "ರಾಜಂಗೆ ವಾಸ್ನೆ ಬರ್ದೆ ಇರುತ್ತಾ?"

ನಾಗಬನ ಸಿಕ್ಕಿದ ಮೇಲೆ ಹುಡುಕಾಟ ನಿಲ್ಲಬೇಕಿತ್ತು. ಆದರೆ ಅಷ್ಟರಲ್ಲಿ ಮಾವನಿಗೆ ಬೊಜ್ಜದೂಟದ ರುಚಿ ಹತ್ತಿತ್ತು. ತೀರಿಕೊಂಡವರ ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಆ ದಿನ ಬಳಗದ ಮುದುಕ ಮುದುಕಿಯರೆಲ್ಲ ಒಂದೇ ಕಡೆ ಸಿಗುತ್ತಾರೆ, ಊಟವೂ ಬಿಟ್ಟಿ! ಬ್ರಹ್ಮಾವರದಲ್ಲೊಮ್ಮೆ ಮನೆ ತಪ್ಪಿ ಯಾರದೋ ಬೊಜ್ಜಕ್ಕೆ ನುಗ್ಗಿದ್ದರು. ಪಾಯಸದ ಹೊತ್ತಿಗೆ ತಪ್ಪು ಗೊತ್ತಾಯಿತು. ಮಜ್ಜಿಗೆಯ ಹೊತ್ತಿಗೆ ಅವರನ್ನೂ ನೆಂಟರಾಗಿಸಿಕೊಂಡು ಬಂದರು.

ಹೀಗೇ ಒಮ್ಮೆ ಬೈಂದೂರಿನ ಬೊಜ್ಜಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಪಂಕ್ತಿಯಲ್ಲಿ ಅವರ ಪಕ್ಕಕ್ಕೆ ಆ ಮನೆಯ ನೆರೆಯ ಮುದುಕಿಯೊಬ್ಬರು ಕೂತಿದ್ದರು.

"ಊರ್ ಎಲ್ಲಾಯ್ತ್ ನಿಮ್ಗೆ?" ಎಂದು ಕೇಳಿದ್ದೇ ತಡ, ಮಾವ ತೆಕ್ಕಟ್ಟೆಯ ಮನೆಯ ಹೆಸರಿನಿಂದ ಶುರುಮಾಡಿ ಇಡೀ ವಂಶಾವಳಿ ಒಪ್ಪಿಸತೊಡಗಿದರು. "ನಮ್ ಅಮ್ಮಮ್ಮಂಗೆ ಮಕ್ಳ್ ನಾಕ್. ಇಬ್ರ್ ಗಂಡ್, ಇಬ್ರ್ ಹೆಣ್. ದೊಡ್ಡೋಳೇ ನನ್ ಹೆತ್ತ್ ಅಬ್ಬಿ."

ಮುದುಕಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ನಾಕಲ್ಲ. ಐದ್."

ಮಾವ ನಕ್ಕರು. ವಂಶಾವಳಿಯಲ್ಲಿ ಮಾವನನ್ನು ತಿದ್ದುವುದೆ! "ಇಲ್ಲ ಅಬ್ಬೇ, ಊರೂರ್ ತಿರ್ಗಿ ಬರ್ಕಂಡದ್ ನಾನ್. ನಾಕೇ. ಐದ್ನೇದ್ ಯಾರ್, ಹೇಳಿ ಕಾಂಬ?"

"ನಾನ್."

ಬಡಿಸುವವರು ಮುಂದೆ ನಿಂತು "ಸಾರ್ ಬೇಕಾ?" ಎನ್ನುತ್ತಿದ್ದರು. ಮಾವನಿಗೆ ಕೇಳಿಸಲಿಲ್ಲ.

"ನೀನ್ ತೊಟ್ಲಗೆ ಇಪ್ಪೊತ್ತಿಗೆ ನಾನೇ ತೂಗುದ್," ಎಂದರು ಆಕೆ ಎಲೆಯನ್ನೇ ನೋಡುತ್ತ. "ಒಂದ್ಸಲ ಬೆರಳ್ ಹಿಡ್ಕಂಡ್ರೆ ಬಿಡ್ತಿರ್ಲಿಲ್ಲ ನೀನ್."

ಅವರು ಮಾವನ ಚಿಕ್ಕಿ, ಅಂದರೆ ಅವರ ತಾಯಿಯ ಕೊನೆಯ ತಂಗಿ. ಬೇರೆ ಜಾತಿಯ ಟೈಲರೊಬ್ಬನನ್ನು ಮದುವೆಯಾಗಿ ಮನೆ ಬಿಟ್ಟವರು. ಅವಳ ಹೆಸರನ್ನು ಇನ್ನು ಯಾರೂ ಎತ್ತಕೂಡದೆಂದು ಆಗ ಮನೆಯ ಯಜಮಾನರಾಗಿದ್ದ ಹಿರಿಯ ಮಾವ ಕಟ್ಟಪ್ಪಣೆ ಮಾಡಿದ್ದರಂತೆ. ಎಂಥ ಅಪ್ಪಣೆ ನೋಡಿ! ಹೇಳಿದವರು ಸತ್ತರೂ ಕೇಳಿದವರು ಬಾಯಿ ಬಿಟ್ಟಿರಲಿಲ್ಲ. ಗಂಡ ತೀರಿದ ಮೇಲೂ ಚಿಕ್ಕಿ ಮಗಳ ಜೊತೆ ಬೈಂದೂರಿನಲ್ಲೇ ಇದ್ದರು. ತೆಕ್ಕಟ್ಟೆಯಿಂದ ಒಂದೇ ಬಸ್ಸಿನ ದೂರ, ಅದೇ ಹೆದ್ದಾರಿ.

"ಒಂದ್ಸಲನೂ ಬಪ್ಪುಕ್ ಮನ್ಸಾಯ್ಲಿಲ್ಯಾ ಚಿಕ್ಕಿ?" ಎಂದರು ಮಾವ.

"ಕರಿಯೋರ್ ಇರ್ಕಲೆ ಮಗಾ."

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಚಿಲ್ಲರೆಗಾಗಿ ಕಂಡಕ್ಟರನೊಡನೆ ಜಗಳವನ್ನೂ ಆಡಲಿಲ್ಲ. ಮುಂದಿನ ಭಾನುವಾರ ನಮ್ಮ ಅಂಗಳಕ್ಕೆ ಒಂದು ಟ್ಯಾಕ್ಸಿ ಬಂತು. ಟ್ಯಾಕ್ಸಿ! ಮಾವ ಇಳಿದು, ಹಿಂದಿನ ಬಾಗಿಲು ತೆಗೆದು, ಚಿಕ್ಕಿಯನ್ನು ಇಳಿಸಿದರು.

ಚಿಕ್ಕಿ ಮೆಟ್ಟಿಲ ಬುಡದವರೆಗೆ ಬಂದು ನಿಂತರು. ಬಾಗಿಲಲ್ಲಿ ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

"ನಾನ್ ಒಳಗ್ ಬಪ್ಪುಕಾತ್ತಾ?" ಎಂದರು ಚಿಕ್ಕಿ.

"ಎಂತ ಕೇಂಬುದ್ ನೀನ್?" ಎಂದರು ಮಾವ, ಹೆಚ್ಚು ಕಮ್ಮಿ ಸಿಟ್ಟಿನಿಂದಲೇ. "ನಮ್ದ್ ಹೆಣ್ಮಕ್ಕಳ್ ಮನಿ. ಇದ್ ನಿಂದ್. ನೀನಿಲ್ಲದ್ದಕ್ಕೆ ನಾನ್ ಕಾಯ್ಕಂಡ್ ಕೂತದ್, ಅಷ್ಟೇ."

ಚಿಕ್ಕಿ ಒಳಗೆ ಬಂದರು. ಮಾವ ಮಾತ್ರ ತುಂಬ ಹೊತ್ತು ಅಂಗಳದಲ್ಲೇ ನಿಂತಿದ್ದರು, ಟ್ಯಾಕ್ಸಿಯವನೊಡನೆ ಚೌಕಾಸಿ ಮಾಡುವವರ ಹಾಗೆ ನಮಗೆ ಬೆನ್ನು ಹಾಕಿ. ಟ್ಯಾಕ್ಸಿ ಯಾವಾಗಲೋ ಹೋಗಿಯಾಗಿತ್ತು.