ಅಮ್ಮನ ಕೈಯ ಕೋಳಿಸಾರು

ರಾಜೇಂದ್ರನ ಬಾಯಿಂದ ಆ ಮಾತು ಬರಬಾರದಿತ್ತು. ಹೋದ ಭಾನುವಾರ ಹೆಂಡತಿ ಸುಚಿತ್ರಾಳ ತವರಿನವರು ಹೊಸನಗರದ ಅವನ ಮನೆಗೆ ಬಂದು ಅವಳು ಮಾಡಿದ ಕಡುಬು, ಕೋಳಿಸಾರು ಚಪ್ಪರಿಸುತ್ತಿದ್ದಾಗ, "ನಮ್ಮಮ್ಮನ ಕೈರುಚಿ ಮುಂದೆ ಇದೆಲ್ಲ ಎಂತ ಮಾರಾಯ್ರೆ" ಎಂದುಬಿಟ್ಟ. ಮದುವೆಯಾದ ಲಾಗಾಯ್ತು ಇದೇ ಮಾತು ಕೇಳುತ್ತಿದ್ದ ಸುಚಿತ್ರಾ ಅವತ್ತು ಬಟ್ಟೆಬರೆ ಬ್ಯಾಗಿಗೆ ತುಂಬಿದಳು. ಬಂದವರ ಜೊತೆ ತಾನೂ ತವರೂರು ಕೋಣಂದೂರಿಗೆ ಹೊರಟುಹೋದಳು.

ವಾರವಿಡೀ ಗಂಜಿ, ಉಪ್ಪಿನಕಾಯಿ ಉಂಡ ಮೇಲೆ ರಾಜೇಂದ್ರನಿಗೆ ತನ್ನ ತಪ್ಪು ಚೆನ್ನಾಗಿ ಅರ್ಥವಾಯಿತು. ಈ ಭಾನುವಾರ ಬೆಳಿಗ್ಗೆ ಫೋನ್ ಮಾಡಿ, "ಬಸ್ಸು ಹತ್ತಿ ಬಾ ಮಾರಾಯ್ತಿ. ಇವತ್ತು ಕೋಳಿಸಾರು ನಾನೇ ಮಾಡ್ತೀನಿ" ಎಂದ.

"ನೀವಾ?" ಎಂದಷ್ಟೇ ಹೇಳಿ ಅವಳು ಫೋನಿಟ್ಟಳು.

ಕೊತ್ತಂಬರಿ, ಕಾಳುಮೆಣಸು, ಚಕ್ಕೆ, ಲವಂಗ ಎಲ್ಲ ಒಟ್ಟಿಗೇ ಬಾಣಲೆಗೆ ಬಿದ್ದವು. ಘಾಟಿಗೆ ಅವನು ಸೀನಿದ ಸೀನಿಗೆ ಪಕ್ಕದ ಮನೆಯ ಕನ್ನಮ್ಮ ಓಡಿಬಂದರು.

"ಮಸಾಲೆ ಹುರೀತಿದೀರೋ, ಇದ್ದಿಲು ಸುಡ್ತಿದೀರೋ? ಸರೀರಿ ಆಚೆ!" ಎಂದವರೇ ಸೌಟು ಕಿತ್ತುಕೊಂಡರು. ಅವರು ಅರೆದು ಹಾಕಿದ ಸೂಜಿಮೆಣಸಿಗೆ ಸಾರು ಕೆಂಡದಂತಾಯಿತು.

ಎದುರುಮನೆಯ ಮುಕುಂದಯ್ಯ ನಿವೃತ್ತ ಮೇಷ್ಟ್ರು; ಕೋಳಿಯ ನೆರಳೂ ಸೋಕದ ಮನೆತನ. ಮೂಗಿಗೆ ಟವೆಲ್ ಒತ್ತಿಕೊಂಡು ಕಿಟಕಿಯಲ್ಲಿ ಇಣುಕಿದರು.

"ನಾವು ತಿನ್ನೋದಿಲ್ಲಪ್ಪ. ಆದ್ರೂ ಸಾರು ಅಂದ್ಮೇಲೆ ಸಾರೇ. ಖಾರ ಹೆಚ್ಚಾದ್ರೆ ಹುಳಿ ಹಾಕ್ಬೇಕು."

ರಾಜೇಂದ್ರ ಹುಳಿ ಹಿಂಡಿದ. ಹುಳಿ ಹೆಚ್ಚಾಯಿತೆಂದು ಕನ್ನಮ್ಮ ಉಪ್ಪು ಸುರಿದರು. ಉಪ್ಪಿಗೆ ಮೇಷ್ಟ್ರು ಬೆಲ್ಲ ಹೇಳಿದರು.

"ಕೋಳಿಗೆ ಬೆಲ್ಲವಾ? ಪಾಯಸ ಮಾಡ್ತಿದೀವಾ ಇಲ್ಲಿ?" ಎಂದು ಕನ್ನಮ್ಮ ಕೆರಳಿದರು. ಮಾತಿಗೆ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿಕೊಂಡು ತಮ್ಮ ತಮ್ಮ ಮನೆ ಸೇರಿದರು. ಪಾತ್ರೆಯೊಳಗಿನ ಕೋಳಿ ಮಾತ್ರ ಕೆಸರುಗದ್ದೆಯಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರಿನಂತೆ ಅಲ್ಲೇ ಉಳಿಯಿತು.

ಉಳಿದದ್ದು ಒಂದೇ ದಾರಿ. ಸಾಗರದ ಅಕ್ಕನ ಮನೆಯಲ್ಲಿದ್ದ ತಾಯಿ ಯಮುನಮ್ಮನಿಗೆ ಫೋನ್ ಹಚ್ಚಿದ. ಕೈತುಂಬ ಮಸಾಲೆ, ಹಾಗಾಗಿ ಸ್ಪೀಕರಿಗೆ ಹಾಕಿದ.

"ಅಮ್ಮಾ, ನೀನು ಕೋಳಿಸಾರು ಹೆಂಗೆ ಮಾಡ್ತಿದ್ದೆ? ಬೇಗ ಹೇಳು."

"ನಾನೆಲ್ಲಿ ಮಾಡ್ತಿದ್ದೆ ಮಗಾ? ಹಸಿಕೋಳಿ ಕಂಡ್ರೇ ನಂಗೆ ಹೊಟ್ಟೆ ತೊಳೆಸ್ತಿತ್ತು. ಮಾಡ್ತಿದ್ದಿದ್ದು ನಿಮ್ಮಪ್ಪ."

ರಾಜೇಂದ್ರ ಒಲೆ ಆರಿಸಿದ. "ಅಪ್ಪನಾ?"

"ನೀನು ಆಟಕ್ಕೆ ಹೋದಾಗ ಮಾಡಿಟ್ಟುಬಿಡೋರು. ಊರೋರು ನಗ್ತಾರೆ, ಯಾರಿಗೂ ಹೇಳಬೇಡ ಅನ್ನೋರು. ಬಡಿಸಿದ್ದು ನಾನು, ಹೆಸರು ನಂದಾಯ್ತು."

ಅಪ್ಪ ಮಾಸ್ತಪ್ಪ ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು, "ಸಾರು ಹೆಂಗಾಗಿದೆಯೋ?" ಎಂದು ಕೇಳುತ್ತಿದ್ದುದು ನೆನಪಾಯಿತು. "ಅಮ್ಮ ಮಾಡಿದ್ದಕ್ಕೆ ನಿಮ್ದೆಂತ ವಿಚಾರಣೆ?" ಎಂದು ತಾನು ರೇಗುತ್ತಿದ್ದುದೂ ನೆನಪಾಯಿತು. ಅಪ್ಪ ನಕ್ಕು ಅಂಗಳಕ್ಕಿಳಿಯುತ್ತಿದ್ದರು. ಈಗ ಹೇಳೋಣವೆಂದರೆ ಕೇಳಲು ಅವರಿಲ್ಲ.

"ಅಪ್ಪ ಎಂತೆಂತ ಹಾಕ್ತಿದ್ರು ಅಂತಾದ್ರೂ ಹೇಳಮ್ಮಾ" ಎಂದ.

"ಯಾರಿಗೆ ಗೊತ್ತು ಮಗಾ? ಆ ವಾಸನೆಗೆ, ಅಡುಗೆ ಮುಗಿಯೋವರೆಗೂ ನಾನು ಅಂಗಳ ಬಿಟ್ಟು ಒಳಗೇ ಬರ್ತಿರ್ಲಿಲ್ಲ."

ಫೋನಿಟ್ಟು ತಿರುಗಿದರೆ ಸುಚಿತ್ರಾ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ತಪ್ಪಾಯ್ತು ಕಣೆ" ಎಂದ ರಾಜೇಂದ್ರ.

ಅವಳು ಸೌಟಿನ ತುದಿಯಷ್ಟು ಸಾರು ನಾಲಿಗೆಗೆ ಹಚ್ಚಿ, ಒಂದು ಚೊಂಬು ನೀರು ಗಟಗಟ ಕುಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತಳು.

"ಈ ಮನೇಲಿ ಕೋಳಿಸಾರು ಗಂಡಸರ ಕೆಲಸ ಅಂತ ಇವತ್ತು ಗೊತ್ತಾಯ್ತು. ಹೋಗಿ ಇನ್ನೊಂದು ಕೋಳಿ ತನ್ನಿ. ಮಾವನ ಕೈರುಚಿ ಬರೋವರೆಗೂ ಪ್ರತಿ ಭಾನುವಾರ ನೀವೇ ಮಾಡಿ. ಬಂತೋ ಇಲ್ವೋ ಅಂತ ಹೇಳೋರೂ ನೀವೇ."

ರಾಜೇಂದ್ರ ಚೀಲ ತೆಗೆದುಕೊಂಡು ಕೋಳಿ ಅಂಗಡಿಯ ಕಡೆ ನಡೆದ.