ಮಂಗೇಶ ಮೀನು ಬಿಟ್ಟ ದಿನ

ಎಲ್ಲಕ್ಕೂ ಮೂಲ ಒಂದು ಹುಂಜ. ಸದಾಶಿವಗಡದ ಮಂಗೇಶನ ಹಿತ್ತಿಲಲ್ಲಿ ಮೇಯುತ್ತಿದ್ದ ಆ ಕೆಂಪು ಹುಂಜಕ್ಕೆ ಅವನ ಹತ್ತು ವರ್ಷದ ಮಗಳು ಪ್ರೇಕ್ಷಾ ಸೋಮು ಎಂದು ಹೆಸರಿಟ್ಟು, ಶಾಲೆಗೆ ಹೋಗುವಾಗ ಅದಕ್ಕೆ ಹೇಳಿಯೇ ಹೋಗುತ್ತಿದ್ದಳು. ಹೋದ ವಾರ ಅರ್ಗಾದಿಂದ ಮಂಗೇಶನ ಭಾವ ಬಂದ. ಬಂದ ಭಾವನಿಗೆ ಬದನೆಕಾಯಿ ಬಡಿಸುವುದಕ್ಕಾಗುತ್ತದೆಯೇ? ಮಂಗೇಶ ಸೋಮುವನ್ನು ಹಿಡಿದ. ಸಂಜೆ ಶಾಲೆಯಿಂದ ಬಂದ ಪ್ರೇಕ್ಷಾ ಎರಡು ತುಂಡು ತಿಂದು, ಮೂರನೆಯದಕ್ಕೆ ಕೈ ಹಾಕುವಾಗ ಸೋಮು ಎಲ್ಲಿ ಎಂದು ಕೇಳಿದಳು. ಭಾವ ತಲೆ ತಗ್ಗಿಸಿ ತನ್ನ ತಟ್ಟೆ ನೋಡಿಕೊಂಡ.

ಆ ಗಳಿಗೆಯಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಮಂಗೇಶ ಚಾಕೊಲೇಟು ತಂದ, ಹೊಸ ಛತ್ರಿ ತಂದ, ಕೊನೆಗೆ ಗಣಿತದ ಹೋಂವರ್ಕು ತಾನೇ ಮಾಡಿ ಕೊಡುತ್ತೇನೆಂದ. ಹುಡುಗಿ ತುಟಿ ಬಿಚ್ಚಲಿಲ್ಲ. ಇರುವುದೊಂದೇ ಮಗಳು. ಅವಳು ಮಾತಾಡದ ಮನೆಯಲ್ಲಿ ಅವನಿಗೆ ಅನ್ನವೇ ಇಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಇಳಿಯುತ್ತಿತ್ತು, ರುಚಿ ಮಾತ್ರ ಹತ್ತುತ್ತಿರಲಿಲ್ಲ.

ಮಂಗಳವಾರ ಅವನ ಊಟದ ಡಬ್ಬಿಯೊಳಗೆ ನೋಟ್‌ಬುಕ್ಕಿನ ಒಂದು ಹಾಳೆ ಸಿಕ್ಕಿತು. 'ಅಪ್ಪ ಮೀನು, ಮಾಂಸ ಬಿಡಬೇಕು. ಯಾಕೆ ಬಿಟ್ಟೆ ಅಂತ ಯಾರು ಕೇಳಿದರೂ ನಿಜ ಹೇಳಬೇಕು. ಆಮೇಲೆ ಮಾತಾಡುತ್ತೇನೆ.' ಮಂಗೇಶ ಆ ಹಾಳೆಯನ್ನು ನಾಲ್ಕು ಸಲ ಓದಿದ, ಮಡಿಸಿ ಅಂಗಿ ಕಿಸೆಯಲ್ಲಿಟ್ಟ. ಬುಧವಾರದಿಂದ ಶುದ್ಧ ಸಸ್ಯಾಹಾರಿ ಎಂದು ಮನೆಯಲ್ಲಿ ಘೋಷಿಸಿದ.

"ಬಿಟ್ಟದ್ದು ನೀವು. ಪಲ್ಯ ನೀವೇ ಮಾಡ್ಕಳಿ," ಎಂದಳು ಹೆಂಡತಿ ಹೀರಾ. ಅವಳು ಕಾರವಾರದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಏಳೂವರೆಗೇ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಹೀಗೆ ಬುಧವಾರ ಬೆಳಿಗ್ಗೆ ಮಂಗೇಶ ಜಗಲಿಯ ಮೇಲೆ ಕೂತು ನೀರುಳ್ಳಿ ಹೆಚ್ಚುತ್ತಿದ್ದ. ನಾಲ್ಕು ದಿನದಿಂದ ಬೇಜಾರಿನಲ್ಲಿ ಗಡ್ಡ ಬೋಳಿಸಿರಲಿಲ್ಲ. ನೀರುಳ್ಳಿಯ ಖಾರಕ್ಕೆ ಎರಡೂ ಕಣ್ಣು ಧಾರಾಕಾರ ಸುರಿಯುತ್ತಿದ್ದವು. ಅಷ್ಟರಲ್ಲಿ ಮೀನಿನ ಗಂಗೆ ಬುಟ್ಟಿ ಇಳಿಸಿದಳು. ಇಪ್ಪತ್ತು ವರ್ಷದಿಂದ ಆ ಓಣಿಗೆ ಮೀನು ತರುವವಳು, ಯಾರ ಮನೆಯಲ್ಲಿ ಯಾವ ವಾರ ಮೀನಿಲ್ಲ ಎಂಬುದನ್ನು ಆ ಮನೆಯವರಿಗಿಂತ ಚೆನ್ನಾಗಿ ತಿಳಿದವಳು.

"ತಮಾ, ಬಂಗ್ಡೆ ನೋಡು. ಈಗಷ್ಟೇ ದೋಣಿಯಿಂದ ಇಳ್ಸಿದ್ದು."

"ಬ್ಯಾಡ ಗಂಗಕ್ಕ."

"ಶೆಟ್ಲಿ ಕೊಡ್ಲಾ ಹಂಗಾರೆ?" ಎಂದು ಸೀಗಡಿ ತೋರಿಸಿದಳು.

"ಶೆಟ್ಲಿನೂ ಬ್ಯಾಡ. ಎಂತದೂ ಬ್ಯಾಡ."

ಗಂಗೆ ಅವನ ಗಡ್ಡ ನೋಡಿದಳು, ಕಣ್ಣು ನೋಡಿದಳು. ಇದು ಶ್ರಾವಣವಲ್ಲ, ಸೋಮವಾರವಲ್ಲ. ಬಂಗಡೆಯ ಹಂಗಾಮು ಬೇರೆ. ಇಂಥ ದಿನ ಮೀನು ತಿನ್ನುವ ಮನೆಯವರು ಮೀನು ಬೇಡ ಎಂದರೆ ಈ ಕರಾವಳಿಯಲ್ಲಿ ಅದಕ್ಕೆ ಒಂದೇ ಅರ್ಥ. ಮನೆತನದಲ್ಲಿ ಯಾರೋ ಸತ್ತಿದ್ದಾರೆ, ಸೂತಕ ಹಿಡಿದಿದೆ. ಸೂತಕದ ಗಂಡಸು ಗಡ್ಡ ಬೋಳಿಸುವುದಿಲ್ಲ, ಮೀನು ಮುಟ್ಟುವುದಿಲ್ಲ.

"ಯಾಕಾ ತಮಾ?" ಎಂದಳು ಗಂಗೆ, ದನಿ ತಗ್ಗಿಸಿ.

ಮಂಗೇಶ ಕಿಸೆಯ ಹಾಳೆ ಮುಟ್ಟಿ ನೋಡಿಕೊಂಡು ಬಾಯಿ ತೆರೆದ. ಆದರೆ ಜನ್ಮವಿಡೀ ಮೀನು ಮಾರಿದವಳ ಮುಂದೆ, ಒಂದು ಹುಂಜದ ಮೇಲಿನ ಕನಿಕರಕ್ಕೆ ಮೀನು ಬಿಟ್ಟೆ ಎಂದು ಹೇಳುವುದು ಹೇಗೆ? ಹತ್ತು ಗಂಟೆಯೊಳಗೆ ಇಡೀ ಮೀನು ಮಾರುಕಟ್ಟೆ ಅವನನ್ನು ಕಂಡರೆ ಕೊಕ್ಕೋ ಎನ್ನುತ್ತಿತ್ತು.

"ಅದೆಲ್ಲ ಕೇಳ್ಬ್ಯಾಡ ಗಂಗಕ್ಕ. ಹೇಳುಕೆ ಆಗುದಿಲ್ಲ," ಎಂದು ಅವನು ತೋಳಿನಿಂದ ಕಣ್ಣು ಒರೆಸಿಕೊಂಡ.

ಗಂಗೆ ಮತ್ತೆ ಕೇಳಲಿಲ್ಲ. ಮಂಗೇಶನನ್ನು ಸಾಕಿ ಬೆಳೆಸಿದ ದೊಡ್ಡಪ್ಪ ವಿಠೋಬರು ಅಂಕೋಲೆಯ ಬೊಬ್ರುವಾಡದಲ್ಲಿದ್ದರು. ಎರಡು ತಿಂಗಳ ಹಿಂದೆ ಉಸಿರಾಟದ ತೊಂದರೆಯಾಗಿ ಅವರನ್ನು ಗೋವಾದ ಆಸ್ಪತ್ರೆಗೆ ಒಯ್ದದ್ದು ಅವಳಿಗೆ ಗೊತ್ತಿತ್ತು. ಗುಣವಾಗಿ ಮನೆಗೆ ಬಂದದ್ದು ಗೊತ್ತಿರಲಿಲ್ಲ. ಬುಟ್ಟಿ ಹೊತ್ತು ನೇರ ಪಕ್ಕದ ಮನೆಯ ಕಲಾವತಿಯ ಬಾಗಿಲಿಗೆ ಹೋದಳು. ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ತಂಗಿಗೂ ಒಂದು ಫೋನು ಮಾಡಿದಳು.

ಕಲಾವತಿ ಸುದ್ದಿಯನ್ನು ಇದ್ದ ಹಾಗೇ ದಾಟಿಸುವ ಹೆಂಗಸಲ್ಲ. ಓಣಿಯ ವಾಟ್ಸಾಪ್ ಗುಂಪಿಗೆ ಬರುವಷ್ಟರಲ್ಲಿ ವಿಠೋಬರು ಗೋವಾದ ಆಸ್ಪತ್ರೆಯಲ್ಲೇ ಬೆಳಗಿನ ಜಾವ ತೀರಿಕೊಂಡಿದ್ದರು, ಹೆಣ ಸಂಜೆಗೆ ಬರುವುದಿತ್ತು. ಕೆಳಗೆ ಕೈ ಮುಗಿದ ಚಿತ್ರಗಳು ಮೂವತ್ತೆರಡು.

ಆ ಗುಂಪಿನಲ್ಲಿ ಮಂಗೇಶನೂ ಇದ್ದ. ಆದರೆ ದಿನಕ್ಕೆ ನಲವತ್ತು ಶುಭೋದಯ ಬರುತ್ತವೆಂದು ಅದನ್ನು ತೆರೆಯುವುದನ್ನೇ ಬಿಟ್ಟಿದ್ದ. ಅವನು ಪಲ್ಯದ ಡಬ್ಬಿ ಹಿಡಿದುಕೊಂಡು ಕಾಳಿ ಸೇತುವೆ ದಾಟಿ ಕಾರವಾರದ ತನ್ನ ಕಚೇರಿಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ಸೇತುವೆ ದಾಟಿತ್ತು. ದಿನಾ ಅವನ ಡಬ್ಬಿಗೆ ಕೈ ಹಾಕುವ ಸಂದೀಪ ಇವತ್ತು ಎದ್ದು ನಿಂತು ಕುರ್ಚಿ ಸರಿಸಿಕೊಟ್ಟ. ಮಧ್ಯಾಹ್ನ ಕ್ಯಾಂಟೀನಿನವನು ಕೇಳದೆಯೇ ಅವನ ಮುಂದೆ ಬೇಳೆ ಸಾರು ತಂದಿಟ್ಟು, ಪಕ್ಕದವರ ಹುರಿದ ಮೀನಿನ ತಟ್ಟೆಯನ್ನು ದೂರ ಒಯ್ದ. ಒಂದೇ ಬೆಳಗಿನ ಸಸ್ಯಾಹಾರಕ್ಕೆ ಜನ ಇಷ್ಟು ಮರ್ಯಾದೆ ಕೊಡುತ್ತಾರೆಂದು ಗೊತ್ತಿದ್ದರೆ ಎಷ್ಟೋ ವರ್ಷ ಮೊದಲೇ ಬಿಡಬಹುದಿತ್ತು ಎಂದುಕೊಂಡ.

ಊಟವಾದ ಮೇಲೆ ಸಾಹೇಬರು ಒಳಗೆ ಕರೆದರು.

"ಗೊತ್ತಾಯ್ತು ಮಂಗೇಶ. ಹೇಳಿ ಮುಗಿಸುವ ಸಂಕಟ ಅಲ್ಲ ಇದು."

"ಕಷ್ಟವೇ ಸರ್," ಎಂದ ಮಂಗೇಶ ಪ್ರಾಮಾಣಿಕವಾಗಿ. "ಹುಟ್ಟಿದಾಗಿಂದ ಇದ್ದದ್ದು ನೋಡಿ."

"ಮನೆಗೆ ಹೋಗಿ. ರಜೆ ಅರ್ಜಿ ಆಮೇಲೆ ಕೊಡಿ," ಎಂದು ಅವರು ಬೆನ್ನು ತಟ್ಟಿದರು. ಮೀನು ಬಿಟ್ಟವನಿಗೆ ರಜೆಯೂ ಉಂಟೆಂದು ಮಂಗೇಶನಿಗೆ ತಿಳಿದದ್ದು ಅಂದೇ. ಹೆಚ್ಚು ಪ್ರಶ್ನೆ ಕೇಳಿದರೆ ಕೊಟ್ಟದ್ದನ್ನು ವಾಪಸು ತೆಗೆದುಕೊಂಡಾರು ಎಂದು ಸುಮ್ಮನೆ ಹೊರಟ. ಸಂದೀಪ ತಾನೂ ಬರುತ್ತೇನೆಂದು ಬೈಕು ತೆಗೆದ.

ಮನೆಯೆದುರು ಮೂವತ್ತು ಜೊತೆ ಚಪ್ಪಲಿ ಬಿದ್ದಿದ್ದವು. ಜಗಲಿಯ ಮೇಲೆ ಓಣಿಯ ಗಂಡಸರು ಬಾಯಿ ಮುಚ್ಚಿ ಕೂತಿದ್ದರು, ಅರ್ಗಾದ ಭಾವನೂ ಅವರ ನಡುವೆ ಇದ್ದ. ಮಂಗೇಶನನ್ನು ಕಂಡದ್ದೇ ಗಂಗೆ ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು. ಮಂಗೇಶ ಅವಳತ್ತ ಓಡಿದ.

"ಎಂತ ಆಯ್ತು ಗಂಗಕ್ಕ? ಯಾರು ಹೋದ್ದು?"

"ಪಾಪ, ತಲೆನೇ ಕೆಟ್ಟೋಗಿದೆ ಅವ್ರಿಗೆ," ಎಂದಳು ಕಲಾವತಿ. "ನಿಮ್ಮ ದೊಡ್ಡಪ್ಪ ಅಲ್ವಾ, ವಿಠೋಬ ಮಾವ."

ಮಂಗೇಶ ಜಗಲಿಯ ಮೆಟ್ಟಿಲ ಮೇಲೆ ಕೂತ. ಈ ಸುದ್ದಿಗೆ ತಾನೇ ಮೂಲ ಎಂದು ಅವನಿಗೆ ಹೊಳೆಯಲಿಲ್ಲ. ಅಪ್ಪ ಸತ್ತಾಗ ಆರು ವರ್ಷದವನಾಗಿದ್ದ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೊಬ್ರುವಾಡಕ್ಕೆ ಒಯ್ದವರು, ಮುಳ್ಳು ಬಿಡಿಸಿ ಬಿಡಿಸಿ ಬಂಗಡೆ ತಿನ್ನಿಸಿದವರು. ಅವನು ಮಗುವಿನಂತೆ ಅತ್ತ. ಬೆಳಿಗ್ಗೆ ನೀರುಳ್ಳಿಗೆ ಬಂದದ್ದಕ್ಕಿಂತ ಹೆಚ್ಚು ನೀರು ಈಗ ಬಂತು. ಸಂದೀಪ ನೀರು ತಂದುಕೊಟ್ಟ.

ನಾಲ್ಕೂವರೆಯ ಹೊತ್ತಿಗೆ ಬಸ್ಸಿನಿಂದಿಳಿದ ವಿಠೋಬರು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬಸಳೆಯ ದೊಡ್ಡ ಕಟ್ಟು ಹಿಡಿದುಕೊಂಡು ಓಣಿಯೊಳಗೆ ನಡೆದು ಬಂದರು. ಅಳು ಒಮ್ಮೆಲೇ ನಿಂತಿತು. ಭಾವ ಎದ್ದು ಗೋಡೆಗೆ ಅಂಟಿಕೊಂಡ.

"ಯಾರಿಗೆ ಎಂತ ಆತ್ರಾ?" ಎಂದು ಕೇಳಿದರು ವಿಠೋಬರು, ಚಪ್ಪಲಿಗಳ ರಾಶಿ ನೋಡಿ. ಸತ್ತವರಿಗೇ ಸತ್ತ ಸುದ್ದಿ ಹೇಳುವುದು ಹೇಗೆ? ಮಂಗೇಶ ಓಡಿ ಹೋಗಿ ಅವರ ಕೈ, ಕೆನ್ನೆ ಎಲ್ಲ ಮುಟ್ಟಿ ನೋಡಿದ. ಬೆಚ್ಚಗಿದ್ದವು.

ಆಮೇಲೆ ಪಂಚಾಯಿತಿ ಶುರುವಾಯಿತು. ಕಲಾವತಿ ಗಂಗೆಯನ್ನು ತೋರಿಸಿದಳು, ಗಂಗೆ ಮಂಗೇಶನನ್ನು ತೋರಿಸಿದಳು. "ಇವ್ನೇ ಅಲ್ವಾ ಮೀನು ಬ್ಯಾಡ ಅಂದದ್ದು. ಗಡ್ಡ ಬಿಟ್ಕಂಡು ಅಳ್ತಾ ಕೂತಿದ್ದ. ಮತ್ತೆಂತ ತಿಳ್ಕಳುದು ನಾನು?"

ಎಲ್ಲರೂ ಮಂಗೇಶನತ್ತ ತಿರುಗಿದರು. "ಯಾಕೆ ಬಿಟ್ಟೆ ಮಾರಾಯಾ ಮೀನು?" ಎಂದು ಸಂದೀಪ ಕೇಳಿದ.

ಅದೇ ಹೊತ್ತಿಗೆ ಹೀರಾ ಮತ್ತು ಪ್ರೇಕ್ಷಾ ಶಾಲೆಯಿಂದ ಬಂದು ಬೇಲಿಯ ಹತ್ತಿರ ನಿಂತಿದ್ದರು. ಪ್ರೇಕ್ಷಾ ಚೀಲ ಕೂಡ ಇಳಿಸದೆ ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಹೀರಾ, ಹೇಳಿ, ಎಂಬಂತೆ ಗದ್ದ ಎತ್ತಿದಳು. ಮಂಗೇಶ ಮಗಳನ್ನು ನೋಡಿದ, ಸಂದೀಪನನ್ನು ನೋಡಿದ, ಸೋಮುವಿನ ತೊಡೆ ತಿಂದುಹೋದ ಭಾವನನ್ನು ನೋಡಿದ. ಮೂವತ್ತು ಮಂದಿಯ ಎದುರು ಅವನ ನಾಲಿಗೆ ತಾನಾಗಿಯೇ ಹೊರಳಿತು.

"ಎಂತ ಇಲ್ಲ. ಸ್ವಲ್ಪ ಗ್ಯಾಸು."

ಪ್ರೇಕ್ಷಾ ಮುಖ ತಿರುಗಿಸಿದಳು.

"ಗ್ಯಾಸಿಗೆ ಯಾರಾದ್ರೂ ಸೂತಕ ಹಿಡೀತಾರಾ?" ಎಂದು ಕಲಾವತಿ ಏರಿದಳು. "ಬದುಕಿದ್ದವ್ರ ಹೆಸ್ರಲ್ಲಿ ಮೀನು ಬಿಟ್ಟ ಹಾಗಾಯ್ತು. ದೊಡ್ಡ ದೋಷ ಇದು. ಈಗಿಂದೀಗ್ಲೇ ಅವ್ರ ಎದುರು ಕೂತು ಮೀನು ತಿಂದು ಬಿಡಿಸ್ಕಳ್ಬೇಕು."

"ಅಲ್ವೇ ತಂಗೀ, ನಾ ಎಂತ ಹೇಳುದಂದ್ರೆ," ಎಂದು ವಿಠೋಬರು ಶುರುಮಾಡಿದರು.

"ನೀವು ಸುಮ್ನಿರಿ ಮಾವ. ದೋಷ ನಿಮ್ಮ ಮೇಲೇ ಇರುದು."

ಅವರು ಇನ್ನೆರಡು ಸಲ ಬಾಯಿ ತೆರೆದರು. ಒಮ್ಮೆ ಗಂಗೆ ತಡೆದಳು, ಒಮ್ಮೆ ಭಾವ ತಡೆದ. ತಮ್ಮ ಸಾವಿನ ವಿಷಯದಲ್ಲಿ ವಿಠೋಬರ ಮಾತು ನಡೆಯುವಂತಿರಲಿಲ್ಲ. ಗಂಗೆಯ ಬುಟ್ಟಿಯಲ್ಲಿ ಉಳಿದಿದ್ದ ಬಂಗಡೆ ಕಲಾವತಿಯ ಒಲೆಗೆ ಹೋಗಿ, ಕೆಂಪು ಮಸಾಲೆ ಮೆತ್ತಿಕೊಂಡು ತಟ್ಟೆಯಲ್ಲಿ ವಾಪಸು ಬಂತು.

ಮಂಗೇಶ ಬೇಲಿಯ ಕಡೆ ನೋಡಿದ. ಮಗಳು ಮತ್ತೆ ಅವನನ್ನೇ ನೋಡುತ್ತಿದ್ದಳು. ಈ ಕಡೆ ಸಾಕಿದ ದೊಡ್ಡಪ್ಪನ ಆಯುಷ್ಯ, ಆ ಕಡೆ ಮಗಳ ಮಾತು. ಮಗಳಿಗೆ ನಾಳೆ ಸಮಾಧಾನ ಹೇಳಬಹುದು, ದೊಡ್ಡಪ್ಪನಿಗೆ ಏನಾದರೂ ಆದರೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರೆ ಎಂದು ಅವನಿಗೆ ಅನಿಸಿತು. ಮೊದಲ ತುತ್ತನ್ನು ಕಣ್ಣು ಮುಚ್ಚಿಕೊಂಡು, ದೊಡ್ಡಪ್ಪನಿಗಾಗಿ ತಿಂದ. ಎರಡನೆಯದನ್ನೂ ಹಾಗೇ ತಿಂದ. ಮೂರನೆಯದು ಯಾರಿಗಾಗಿ ಎಂದು ಕೇಳಬಾರದು, ಬೆಳಿಗ್ಗೆಯಿಂದ ಬರೀ ಸೊಪ್ಪುಸದೆ ಬಿದ್ದ ಹೊಟ್ಟೆ. ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿಯಿತು, ಅದನ್ನೂ ಅವನು ಒಮ್ಮೆ ಚೀಪಿಟ್ಟ.

"ಕಳೀತು ದೋಷ," ಎಂದ ಕಲಾವತಿ ಇನ್ನೊಂದು ತಟ್ಟೆಯನ್ನು ವಿಠೋಬರ ಮುಂದಿಟ್ಟಳು. "ಈಗ ನೀವು ತಿನ್ನಿ ಮಾವ."

ವಿಠೋಬರು ತಟ್ಟೆ ಸರಿಸಿದರು. "ಆಗಿಂದ ಅದೇ ಹೇಳುಕೆ ನೋಡ್ತಿದ್ದೆ. ನಾ ಮೀನು ಬಿಟ್ಟು ಎರಡು ತಿಂಗ್ಳಾತು."

ವಿಠೋಬರು ಬಸಳೆ ಕಟ್ಟನ್ನು ಇನ್ನೊಂದು ಕೈಗೆ ದಾಟಿಸಿದರು.

"ಆಸ್ಪತ್ರೆಲಿ ಉಸಿರು ಸಿಗ್ದೆ ಬಾಯಿ ಬಿಡ್ತಾ ಬಿದ್ಕಂಡಿದ್ದೆ. ಬುಟ್ಟಿಲಿ ಮೀನು ಹಿಂಗೇ ಅಲ್ವಾ ಬಾಯಿ ಬಿಡುದು ಅಂತ ಕಂಡ್ತು. ಅವತ್ತೇ ಬಿಟ್ಟೆ. ಊರಲ್ಲಿ ಹೇಳಿದ್ರೆ ನಗ್ತಾರೆ ಅಂತ ಹಲ್ಲುನೋವು ಅಂತ ಸುಳ್ಳು ಹೇಳಿ ಗಂಜಿ ಉಣ್ತಿದ್ದೆ. ಇವತ್ತು ಪೇಟೆಲಿ ಗಂಗೆ ತಂಗಿ ಸಿಕ್ಕಿ, ನಿಮ್ಮ ಮಂಗೇಶ ಮೀನು ಬಿಟ್ನಂತೆ ಅಂದ್ಲು. ಬೇರೆ ಎಂತ ಕೇಳಿದ್ರೂ ನನ್ನ ಮುಖನೇ ನೋಡ್ತಾ ನಿಂತ್ಲು. ನಾ ಸಾಕಿದ ಹುಡ್ಗ ನನ್ನ ಹಂಗೇ ಆದ, ಇನ್ನು ಅವ್ನ ಮನೇಲೇ ಇರುವ ಅಂತ ಬಸಳೆ ಕಟ್ಕಂಡು ಬಂದೆ."

ಅವರು ಮಂಗೇಶನ ತಟ್ಟೆಯ ಮುಳ್ಳನ್ನು ನೋಡಿದರು. ಮಂಗೇಶ ಆಗ ಎಲ್ಲವನ್ನೂ ಹೇಳಿದ. ಹುಂಜದ ವಿಷಯ, ಕನಿಕರದ ವಿಷಯ, ಡಬ್ಬಿಯ ಹಾಳೆ, ಒಂದನ್ನೂ ಬಿಡದೆ, ಮೂವತ್ತು ಮಂದಿಯ ಎದುರಿಗೇ ಹೇಳಿದ. ಕಿಸೆಯಿಂದ ಹಾಳೆ ತೆಗೆದು ತೋರಿಸಿದ, ಅದಕ್ಕೆ ಕೆಂಪು ಮಸಾಲೆ ಹತ್ತಿತು. ಸಂದೀಪ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಬಂಗಡೆಯ ಮುಳ್ಳು ಮುಂದಿಟ್ಟುಕೊಂಡು ಹೇಳಿದ ಆ ಕರುಣೆಯ ಕತೆಯನ್ನು ಒಬ್ಬನೂ ನಂಬಲಿಲ್ಲ.

ಪ್ರೇಕ್ಷಾ ಜಗಲಿ ಹತ್ತಿ ಬಂದು ವಿಠೋಬರ ಕೈಯಿಂದ ಬಸಳೆ ಕಟ್ಟು ತೆಗೆದುಕೊಂಡಳು. "ನಾನೂ ಬಿಟ್ಟಿದ್ದೇನೆ ಅಜ್ಜಾ. ಒಳಗೆ ಬನ್ನಿ."

"ಹೌದನೇ ತಂಗೀ?" ಎಂದು ಅಜ್ಜ ಅವಳ ತಲೆ ಸವರಿ ಹಿಂದೆಯೇ ನಡೆದರು. ಹೊಸ್ತಿಲಲ್ಲಿ ನಿಂತು, ಮಂಗೇಶನತ್ತ ತಿರುಗದೆ ಸೊಸೆಗೆ ಹೇಳಿದರು. "ಹೀರಾ, ಒಳಗೆ ಬರುಕೆ ಮುಂಚೆ ಅವಂಗೆ ಕೈ ತೊಳ್ಕಳುಕೆ ಹೇಳು."

ಪ್ರೇಕ್ಷಾ ಅಜ್ಜನನ್ನು ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದಳು.

"ಸಾಬೂನು ಹಾಕಿ ಅಂತೆ," ಎಂದು ಅಜ್ಜ ಸೇರಿಸಿದರು.