ಅತ್ತಿಮರ ಇದ್ದ ಜಾಗದಿಂದ ಇನ್ನೂರು ಮೀಟರ್

ಮಿನೋರನ ದವಡೆ ಹಲ್ಲು ಗರಿಗರಿ ಹುರಿದ ಹಂದಿಮಾಂಸದ ತುಂಡೊಂದಕ್ಕೆ ಸೋತು ಎರಡು ಹೋಳಾದ ದಿನವೇ ಗ್ರೇವಿನ್‌ನ ಅದೃಷ್ಟ ಖುಲಾಯಿಸಿತು. ಹಾಗಂತ ಗ್ರೇವಿನ್ ಅಂದುಕೊಂಡ.

ಮಿನೋರ್ ಗೈಡು, ಗ್ರೇವಿನ್ ಅವನ ವ್ಯಾನಿನ ಡ್ರೈವರು. ಒಂಬತ್ತು ವರ್ಷದಿಂದ ಮಿನೋರ್ ಮೈಕು ಹಿಡಿದು "ಬಲಗಡೆ ನೋಡಿ, ಟೂಕಾನ್ ಹಕ್ಕಿ!" ಎನ್ನುವುದು, ಪ್ರವಾಸಿಗರು ಹೋ ಎನ್ನುವುದು, ಗ್ರೇವಿನ್ ಎದುರಿನ ಲಾರಿಯನ್ನು ನೋಡುವುದು ನಡೆದುಕೊಂಡು ಬಂದಿತ್ತು. ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ವ್ಯಾನಿನಿಂದ ಮೊದಲು ಇಳಿಯುವವನು ತಾನಾಗಬೇಕು ಎಂಬುದೊಂದೇ ಗ್ರೇವಿನ್‌ನ ಆಸೆ.

ಬೆಳಿಗ್ಗೆ ಆರಕ್ಕೆ ಟೂರ್ ಕಂಪನಿಯ ಒಡತಿ ದೋನ್ಯಾ ಫ್ಲೋರಿಬೆತ್, ಅಂದರೆ ಫ್ಲೋರಿಬೆತ್ ಅಮ್ಮ, ಫೋನ್ ಮಾಡಿದಳು. "ನೋಡು ಗ್ರೇವಿನ್, ಮಿನೋರನ ಬಾಯಿ ಊದಿ ಕುಂಬಳಕಾಯಿ ಆಗಿದೆ. ಇವತ್ತು ಡ್ರೈವರೂ ನೀನೇ, ಗೈಡೂ ನೀನೇ. ಇರೋದು ಒಬ್ಬರೇ, ಉರುಗ್ವೆಯ ಟೀಚರಮ್ಮ. ನಾಳೆ ಅವರ ವಿಮಾನ. ಸಂಜೆಯೊಳಗೆ ಕೆಟ್ಸಾಲ್ ಹಕ್ಕಿ ತೋರಿಸಿದೆಯೋ, ಸೋಮವಾರದಿಂದ ನೀನೂ ಗೈಡು. ಇಲ್ಲವೋ, ಸಾಯೋವರೆಗೂ ಸ್ಟೀರಿಂಗೇ ಗತಿ."

"ತೋರಿಸ್ತೀನಿ ಬಿಡಿ ಅಮ್ಮಾ, ಅದೇನು ಮಹಾ," ಎಂದ ಗ್ರೇವಿನ್. ಕೆಟ್ಸಾಲನ್ನು ಅವನು ಅದುವರೆಗೆ ನೋಡಿದ್ದು ಟೀಶರ್ಟುಗಳ ಮೇಲೆ ಮಾತ್ರ.

ದೋನ್ಯಾ ಮಿರ್ತಾ ಎಪ್ಪತ್ತು ದಾಟಿದ ಭೂಗೋಳದ ಟೀಚರು. ಸಮುದ್ರದಂಡೆಯ ಹೋಟೆಲಿನ ಮುಂದೆ ವ್ಯಾನು ಹತ್ತಿದವರೇ ಕಿಟಕಿಗೆ ಅಂಟಿ ಕುಳಿತರು. ಮುಂದಿನದ್ದೆಲ್ಲ ತಿರುವುಮುರುವು. ಗೈಡು ತೋರಿಸಬೇಕು, ಪ್ರವಾಸಿ ನೋಡಬೇಕು. ಇಲ್ಲಿ ಟೀಚರಮ್ಮ ತೋರಿಸಿದರು, ಗ್ರೇವಿನ್ ನೋಡಿದ.

"ನಿಲ್ಸಪ್ಪಾ! ಸೇತುವೆ ಕೆಳಗೆ ಮೊಸಳೆ! ಒಂದಲ್ಲ, ಹದಿನಾರು!"

"ನಿಲ್ಸು, ನಿಲ್ಸು! ಬಾದಾಮಿ ಮರದಲ್ಲಿ ಕೆಂಪು ಮಕಾವ್ ಗಿಣಿ!"

"ಅಯ್ಯೋ, ಕರೆಂಟು ಕಂಬದ ಮೇಲೆ ನೋಡು, ಸ್ಲಾತು, ಆ ಸೋಮಾರಿ ಪ್ರಾಣಿ! ಎದೆ ಮೇಲೆ ಮರಿ!"

ಗ್ರೇವಿನ್ ಪ್ರತಿ ಸಲವೂ ಬ್ರೇಕು ಹಾಕಿ, "ಹೌದು, ಅದು ಇಲ್ಲೇ ಇರುತ್ತೆ," ಎಂದು ಗಂಭೀರವಾಗಿ ಹೇಳಿದ. ಆದರೆ ಒಂಬತ್ತು ವರ್ಷ ಇದೇ ರಸ್ತೆಯಲ್ಲಿ ಓಡಾಡಿಯೂ ಕಂಬದ ಮೇಲೆ ತಾಯಿಯೊಂದು ಮಗುವನ್ನು ತಬ್ಬಿಕೊಂಡು ಅಷ್ಟು ನಿಧಾನವಾಗಿ ತಲೆ ತಿರುಗಿಸುವುದನ್ನು ಅವನು ನೋಡಿರಲಿಲ್ಲ. ಇಷ್ಟೆಲ್ಲ ನನ್ನದೇ ದೇಶದಲ್ಲಿದೆಯೇ ಎಂದು ಅವನಿಗೆ ಬೆರಗಾಯಿತು.

ಬೆಳಿಗ್ಗೆ ಬೆವರು ಒರೆಸಿಕೊಂಡು ಹೊರಟವರು ಮಧ್ಯಾಹ್ನದ ಹೊತ್ತಿಗೆ ಸ್ವೆಟರು ಹಾಕಿಕೊಂಡು ಬೆಟ್ಟದೂರಿನ ಮೋಡದೊಳಗೆ ಕುಳಿತಿದ್ದರು. ಓಕ್ ಮರಗಳು, ಪಾಚಿ, ಕೈಗೆಟಕುವಂಥ ಆಕಾಶ. ಆಗ, ಕಣಿವೆಯ ಗೈಡುಗಳಿಂದ ಸುದ್ದಿ ತಿಳಿದ ಮಿನೋರನ ಸಂದೇಶ ಬಂತು. ಬಾಯಿ ಊದಿದ್ದರೂ ಬೆರಳು ಸರಿಯಾಗಿದ್ದವು: "ಕೆಟ್ಸಾಲ್ ಕೂತಿದೆ. ಅತ್ತಿಮರ ಇದ್ದ ಜಾಗದಿಂದ ಇನ್ನೂರು ಮೀಟರ್ ಮೇಲೆ, ಹಾಲಿನ ಡೈರಿ ಇದ್ದ ಕಡೆಯಿಂದ ಐವತ್ತು ಎಡಕ್ಕೆ. ಕಾಡು ಬೆಣ್ಣೆಹಣ್ಣಿನ ಮರ."

ಗ್ರೇವಿನ್‌ಗೆ ಅಳು ಬರುವುದೊಂದು ಬಾಕಿ. ಮನೆಗೆ ನಂಬರಿಲ್ಲದ, ಬೀದಿಗೆ ಹೆಸರಿಲ್ಲದ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ವಿಳಾಸ ಸಿಗುವುದಿಲ್ಲ, ನಿಜ. ಆದರೆ ಅವನು ಕರಾವಳಿಯವನು. ಆ ಅತ್ತಿಮರ ಉರುಳಿ ಬಿದ್ದಾಗ ಅವನಿನ್ನೂ ಹುಟ್ಟಿರಲಿಲ್ಲ.

ದಿನಸಿ ಅಂಗಡಿಯ ದೋನ್ಯಾ ತುಲಿಯಾಳನ್ನು ಕೇಳಿದ.

"ಅತ್ತಿಮರವಾ? ಅದೇ, ಬಡಗಿ ಮನೆ ಇತ್ತಲ್ಲ, ಅದರ ಎದುರಿಗೆ," ಎಂದಳಾಕೆ.

"ಬಡಗಿ ಮನೆ ಎಲ್ಲಕ್ಕಾ?"

"ಸುಟ್ಟೋಯ್ತಲ್ಲಪ್ಪ, ಗೊತ್ತಿಲ್ವಾ? ಊರಿಗೂರೇ ಅತ್ತಿತ್ತು. ನೀನೆಲ್ಲಿದ್ದೆ ಆವಾಗ?"

ಅಂಗಡಿ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ ದೋನ್ ಚೇಪೆ ಎಂಬ ಮುದುಕ ಎದ್ದು ಬಂದ. "ಅವಳ ಮಾತು ಕೇಳ್ಬೇಡ ಮಗಾ. ಬಡಗಿ ಮನೆ ಎದುರು ಇದ್ದದ್ದು ಸೈಪ್ರಸ್ ಮರ. ಅತ್ತಿಮರ ಸೇತುವೆ ಹತ್ರ ಇತ್ತು."

"ಯಾವ ಸೇತುವೆ?"

"ಕೊಚ್ಕೊಂಡು ಹೋದದ್ದು."

ಇನ್ನೂ ಇಬ್ಬರು ಬಂದು ಸೇರಿದರು. ಅತ್ತಿಮರ ನಾಲ್ಕು ಕಡೆ ಚಿಗುರಿತು. ಕೊನೆಗೆ, ಜಾಗವನ್ನೇ ತೋರಿಸುತ್ತೇವೆಂದು ನಾಲ್ವರೂ ವ್ಯಾನು ಹತ್ತಿದರು. ತುಲಿಯಾ ಅಂಗಡಿಗೆ ಬೀಗ ಜಡಿದು, ಫ್ಲಾಸ್ಕಿನಲ್ಲಿ ಬೆಲ್ಲದ ನೀರು ಹಿಡಿದು, ಟೀಚರಮ್ಮನ ಪಕ್ಕದಲ್ಲೇ ಆಸನ ಹಿಡಿದಳು.

ಮುಂದಿನ ಎರಡು ಗಂಟೆ ವ್ಯಾನು ಊರಲ್ಲಿ ಕಟ್ಟು ಬಿಚ್ಚಿದ ಕರುವಿನಂತೆ ಸುತ್ತಿತು. ತುಲಿಯಾ ಹೇಳಿದಲ್ಲಿ ಕೋಳಿಗೂಡು ಸಿಕ್ಕಿತು. ಉದ್ದ ಮೂತಿಯ ಪಿಸೋಟೆ ಪ್ರಾಣಿಯೊಂದು ಬಾಲ ನಿಗುರಿಸಿಕೊಂಡು ಮೊಟ್ಟೆ ಕದಿಯುತ್ತಿತ್ತು. ಚೇಪೆ ಹೇಳಿದಲ್ಲಿ ಯಾರದೋ ಹೂದೋಟ. ಹೆಬ್ಬೆರಳಷ್ಟೂ ಇಲ್ಲದ ಹಮ್ಮಿಂಗ್‌ಬರ್ಡುಗಳು ಟೀಚರಮ್ಮನ ಕಿವಿಯ ಹತ್ತಿರವೇ ಗುಂಯ್‌ಗುಟ್ಟಿದವು. "ಎಂಥಾ ಗೈಡಪ್ಪ ನೀನು! ಒಂದೊಂದು ತಿರುವಿಗೂ ಒಂದೊಂದು ಪವಾಡ ಇಟ್ಟಿದ್ದೀಯ," ಎಂದು ಅವರು ಕಣ್ಣೊರೆಸಿಕೊಂಡರು. ಗ್ರೇವಿನ್ ಗಡಿಯಾರ ನೋಡಿಕೊಂಡ. ನಾಲ್ಕೂವರೆ. ಮಂಜು ಇಳಿದರೆ ಎಲ್ಲ ಮುಗಿದಂತೆ.

"ಎಡಕ್ಕೆ!" ಎಂದಳು ತುಲಿಯಾ.

"ಬಲಕ್ಕೆ! ನನ್ನ ಮದುವೆ ಊಟ ಆಗಿದ್ದೇ ಆ ಮರದ ಕೆಳಗೆ, ನನಗೆ ಗೊತ್ತಿಲ್ವಾ?" ಎಂದ ಚೇಪೆ.

"ನಿನ್ನ ಮದುವೆ ದಿನ ನೀನು ಯಾವ ಸ್ಥಿತೀಲಿದ್ದೆ ಅಂತ ನನಗೂ ಗೊತ್ತು!"

ಗ್ರೇವಿನ್ ಎಡಬಲ ಎರಡೂ ಕಡೆ ಸ್ಟೀರಿಂಗ್ ತಿರುಗಿಸಿದ. ವ್ಯಾನು ಯಾರ ಮಾತನ್ನೂ ಕೇಳದೆ ಕೆಸರಿನಲ್ಲಿ ಜಾರಿ ಚರಂಡಿಗೆ ಮಗುಚಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಬೆಲ್ಲದ ನೀರು ಮಾತ್ರ ಚೇಪೆಯ ಮಡಿಲು ಸೇರಿತು.

ಬೈಗುಳಕ್ಕೆ ಬಾಯಿ ತೆರೆದ ತುಲಿಯಾ ಮೇಲಕ್ಕೆ ಬೆರಳು ಮಾಡಿದಳು. ಆಕಾಶದ ಕಡೆ ತಿರುಗಿದ್ದ ಕಿಟಕಿಯಲ್ಲಿ ಒಂದು ಕೊಂಬೆ ಕಾಣುತ್ತಿತ್ತು. ಕೊಂಬೆಯ ಮೇಲೆ ಅದು ಕೂತಿತ್ತು. ಹಸಿರು ಎಂದರೆ ಆ ಹಸಿರಿಗೆ ಕಮ್ಮಿಯಾಯಿತು. ಅಲುಗಿದರೆ ನೀಲಿ, ಮತ್ತೆ ಅಲುಗಿದರೆ ಬಂಗಾರ. ಎದೆ ಕಡುಗೆಂಪು. ಮೊಳದುದ್ದದ ಬಾಲದ ಗರಿಗಳು ಗಾಳಿಗೆ ಮೆಲ್ಲನೆ ತೂಗುತ್ತಿದ್ದವು. ಒಂದು ಕಾಡು ಬೆಣ್ಣೆಹಣ್ಣನ್ನು ಇಡಿಯಾಗಿ ನುಂಗಿ, ಚರಂಡಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದ ಆರು ಜನರನ್ನು ಅದು ತಲೆ ವಾಲಿಸಿ ನೋಡಿತು. ಗ್ರೇವಿನ್‌ನ ಕಣ್ಣಲ್ಲಿ ಧಾರಾಕಾರ ನೀರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಒಡತಿ.

"ತೋರಿಸಿದೆ ಅಮ್ಮಾ! ಕೆಟ್ಸಾಲ್! ಗಂಡು!" ಎಂದ ಗ್ರೇವಿನ್. ಟೀಚರಮ್ಮ ಫೋನು ಕಸಿದುಕೊಂಡು, "ಇಂಥ ಗೈಡನ್ನ ನಾನು ಎಲ್ಲೂ ನೋಡಿಲ್ಲ," ಎಂದು ಕೂಗಿದರು.

"ಭೇಷ್! ಮಾತಂದ್ರೆ ಮಾತು, ಸೋಮವಾರದಿಂದ ನೀನು ಗೈಡು," ಎಂದಳು ಒಡತಿ. "ಇಷ್ಟೊತ್ತಾದ್ರೂ ಯಾಕೆ ಬಂದಿಲ್ಲ?"

"ವ್ಯಾನು ಸ್ವಲ್ಪ... ಚರಂಡಿಗೆ ಇಳಿದಿದೆ."

"ಹೋಗಲಿ ಬಿಡು. ಎಳೆಯೋಕೆ ಗಾಡಿ ಕಳಿಸ್ತೀನಿ. ಎಲ್ಲಿದ್ದೀಯ ಹೇಳು."

ಗ್ರೇವಿನ್ ಊರವರ ಕಡೆ ನೋಡಿದ; ನಾಲ್ವರೂ ನಾಲ್ಕು ದಿಕ್ಕಿಗೆ ಕೈ ತೋರಿಸಿದರು. "ಗೊತ್ತಿಲ್ಲ ಅಮ್ಮಾ," ಎಂದ.

ಆ ಕಡೆಯಿಂದ ಒಡತಿ ಹೇಳಿದಳು: "ತಾನೆಲ್ಲಿದ್ದೀನಿ ಅಂತಲೇ ಗೊತ್ತಿಲ್ಲದವನ ಹಿಂದೆ ಜನರನ್ನ ಕಾಡಿಗೆ ಕಳಿಸೋಕಾಗುತ್ತೇನೋ, ಮಾರಾಯ? ನೀನು ಡ್ರೈವರಾಗೇ ಇರು."

ವ್ಯಾನನ್ನು ಮೇಲೆತ್ತಿದ್ದು ಚೇಪೆಯ ಎತ್ತುಗಳು. ಆದರೆ ಕೆಟ್ಸಾಲ್ ಕೂರುವ ಮರ ಎಲ್ಲಿದೆಯೆಂದು ಊರಿಗೆಲ್ಲ ತಿಳಿದುಹೋಯಿತು. ತಿಂಗಳು ಕಳೆಯುವುದರೊಳಗೆ ಕಣಿವೆಯ ಗೈಡುಗಳೆಲ್ಲ ಅತ್ತಿಮರವನ್ನು ಮರೆತರು.

ಮಿನೋರನೂ ಹೊಸ ಹಲ್ಲು ಕಟ್ಟಿಸಿಕೊಂಡು ಬಂದು, ತುಂಬಿದ ವ್ಯಾನಿನಲ್ಲಿ ಮೈಕು ಹಿಡಿದ. "ಕೆಟ್ಸಾಲ್ ಸಿಗೋದು ಗ್ರೇವಿನ್ ಬಿದ್ದ ಜಾಗದಿಂದ ಹತ್ತೇ ಮೀಟರ್ ಮೇಲೆ."

"ಗ್ರೇವಿನ್ ಅಂದ್ರೆ ಯಾರು?" ಎಂದು ಹಿಂದಿನ ಸೀಟಿನ ಹೆಂಗಸೊಬ್ಬಳು ಕೇಳಿದಳು.

"ಇದ್ದ ಒಬ್ಬ, ಪಾಪ," ಎಂದ ಮಿನೋರ್.

ಪ್ರವಾಸಿಗರು ಲೊಚಗುಟ್ಟಿದರು. ಒಬ್ಬ ಟೋಪಿಯನ್ನೂ ತೆಗೆದ. ಗ್ರೇವಿನ್ ಗೇರು ಬದಲಿಸಿ, ಎದುರಿನಿಂದ ಬರುತ್ತಿದ್ದ ಲಾರಿಗೆ ದಾರಿ ಬಿಟ್ಟುಕೊಟ್ಟ.